ಪೊರೆಯೆಂದು ಕಾಯುವವರಿಗೆ

ಕಣ್ಣು ಮಂಜಾದರೆ ನಮ್ಮ ಭಾಗದ ಹಿರಿಯರು ಹೆದರುವುದಿಲ್ಲ. ‘ಪೊರೆ ಬಂದೈತಿ, ಬಲೀಲಿ, ಸುಗ್ಗಿ ಮುಗಿದ ಮ್ಯಾಲೆ ತೆಗಸಿದರಾತು’ ಎನ್ನುತ್ತಾರೆ. ಈ ಧೈರ್ಯಕ್ಕೆ ಕಾರಣವಿದೆ. ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ನಡೆಸಿ ಪೊರೆ ತೆಗೆಯುತ್ತಿದ್ದುದನ್ನು ಕಂಡು ಕೇಳಿದ ತಲೆಮಾರು ಅದು. 2005ರಲ್ಲಿ ಅವರು ತೀರಿಕೊಂಡರೂ, ಹೋದ ದೃಷ್ಟಿ ಮರಳಿ ಬರುತ್ತದೆಂಬ ನಂಬಿಕೆ ಜನರಲ್ಲಿ ಉಳಿದಿದೆ. ಪೊರೆಯ ಮಟ್ಟಿಗೆ ಅದು ಸರಿಯೇ. ಗ್ಲಾಕೋಮಾಕ್ಕೂ ಅದೇ ಲೆಕ್ಕ ಹಾಕುತ್ತೇವಲ್ಲ, ಅದಕ್ಕೆ ನಮ್ಮ ತಕರಾರು.

ಕಣ್ಣಿನ ಒಳಗೆ ತಿಳಿಯಾದ ದ್ರವವೊಂದು ಸದಾ ಒಸರಿ, ಸೂಕ್ಷ್ಮ ದಾರಿಗಳಿಂದ ಹೊರಗೆ ಬಸಿಯುತ್ತಿರುತ್ತದೆ. ಕಣ್ಣೀರು ಬೇರೆ, ಇದು ಬೇರೆ. ದಾರಿ ಕಟ್ಟಿಕೊಂಡರೆ ಒತ್ತಡ ಏರಿ, ಕಣ್ಣಿನ ಹಿಂದಿನ ನರ ಸವೆಯುತ್ತದೆ. ತೋಟದ ಬಸಿಗಾಲುವೆ ಮುಚ್ಚಿ ನೀರು ನಿಂತರೆ ಮೊದಲು ಕೊಳೆಯುವುದು ಅಡಿಕೆಯ ಬೇರು. ಸೋಗೆ ಹಳದಿಯಾಗುವುದು ಆಮೇಲೆ. ಇಲ್ಲಿಯೂ ಹಾಗೆಯೇ. ಬಹುತೇಕ ನೋವಿಲ್ಲ. ಮೊದಲು ಹೋಗುವುದು ಪಕ್ಕದ ನೋಟ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಮುಚ್ಚುವುದರಿಂದ ತಿಳಿಯುವುದೂ ಇಲ್ಲ. ಪತ್ರಿಕೆ ಓದಬಲ್ಲವನಿಗೆ ಪಕ್ಕದಿಂದ ಬರುವ ಬೈಕು ಕಾಣದು. ಒತ್ತಡ ಸಾಮಾನ್ಯವಾಗಿ 10ರಿಂದ 21ರೊಳಗೆ ಇರುತ್ತದೆ. ಅಷ್ಟೇ ಇದ್ದೂ ನರ ಸವೆಯುವವರಿದ್ದಾರೆ. ಆದ್ದರಿಂದ ಒತ್ತಡ ಅಳೆದರೆ ಸಾಲದು, ನರವನ್ನೂ ನೋಡಬೇಕು.

ಸತ್ತ ನರ ಚಿಗುರುವುದಿಲ್ಲ. ಉಳಿದದ್ದನ್ನು ಉಳಿಸುವುದೇ ಚಿಕಿತ್ಸೆ: ಹನಿ ಔಷಧ, ಇಲ್ಲವೇ ಲೇಸರ್, ಅದಕ್ಕೂ ಬಗ್ಗದಿದ್ದರೆ ದ್ರವಕ್ಕೆ ಹೊಸ ದಾರಿ ಮಾಡುವ ಶಸ್ತ್ರಕ್ರಿಯೆ. ಹನಿ ಹಾಕಿದರೆ ನೋಟ ಹೆಚ್ಚುವುದಿಲ್ಲ. ಅದಕ್ಕೇ ನಮ್ಮವರು ಒಂದು ಸೀಸೆ ಮುಗಿಯುತ್ತಲೇ ಬಿಟ್ಟುಬಿಡುತ್ತಾರೆ. ಕೊಳೆ ಬೀಳುವ ಮೊದಲೇ ಬೋರ್ಡೋ ಹೊಡೆಯುವ ರೈತನಿಗೆ ಈ ಮಾತನ್ನು ಬಿಡಿಸಿ ಹೇಳಬೇಕೆ? ಉಬ್ಬಸವಿದ್ದವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಟಿಮೋಲಾಲ್ ಎಂಬ ಹನಿ ಅವರಿಗೆ ಅಪಾಯ. ಇನ್ನು ಅಡಿಕೆ ಸುಲಿಯುವ ಕಾಲದಲ್ಲಿ ದೂಳಿಗೆ ಕಣ್ಣು ತುರಿಸಿತೆಂದು ಅಂಗಡಿಯಿಂದ ಹನಿ ತಂದು ತಿಂಗಳುಗಟ್ಟಲೆ ಬಿಟ್ಟುಕೊಳ್ಳುವ ಚಾಳಿ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಅದೇ ಒತ್ತಡ ಏರಿಸಬಲ್ಲದು.

ಇದೇ ರೋಗದ ಇನ್ನೊಂದು ಬಗೆ ಒಮ್ಮೆಲೇ ಎರಗುತ್ತದೆ. ಕಣ್ಣು ಕೆಂಪಾಗಿ ಸಿಡಿತ, ದೀಪದ ಸುತ್ತ ಬಣ್ಣದ ಬಳೆ, ವಾಂತಿ. ಪಿತ್ತವೆಂದು ಕಷಾಯ ಕುಡಿದು ಮಲಗದೆ ಆಗಲೇ ಆಸ್ಪತ್ರೆಗೆ ಹೊರಡಬೇಕು.

ಮನೆಯಲ್ಲಿ ಒಬ್ಬರಿಗೆ ಈ ರೋಗವಿದ್ದರೆ ಒಡಹುಟ್ಟಿದವರೂ ಮಕ್ಕಳೂ ತೋರಿಸಿಕೊಳ್ಳತಕ್ಕದ್ದು. ನಲವತ್ತು ದಾಟಿದ ಉಳಿದವರೂ ಅಷ್ಟೇ. ಕರ್ಜಗಿಯಿಂದ ಹಾವೇರಿಯ ಜಿಲ್ಲಾ ಆಸ್ಪತ್ರೆ ದೂರವೇನಲ್ಲ. ಶಿಬಿರದಲ್ಲಿ ಟಾರ್ಚು ಬಿಟ್ಟು ‘ಪೊರೆ ಇಲ್ಲ’ ಎಂದರೆ ಕಣ್ಣು ಚೆನ್ನಾಗಿದೆ ಎಂದರ್ಥವಲ್ಲ. ಮುಂದೆ ಸಂಘದ ಆವರಣವನ್ನು ಕಣ್ಣಿನ ಶಿಬಿರಕ್ಕೆ ಕೊಡುವಾಗ, ಒತ್ತಡ ಅಳೆಯುವ ಉಪಕರಣವೂ ನರ ಪರೀಕ್ಷಿಸುವ ವೈದ್ಯರೂ ಇರಲೇಬೇಕೆಂದು ಷರತ್ತು ಹಾಕುವಂತೆ ಆಡಳಿತ ಮಂಡಳಿಯನ್ನು ಕೇಳಲಿದ್ದೇವೆ. ಸದಸ್ಯರು ಸಭೆಗೆ ಬಂದು ಬೆಂಬಲಿಸಬೇಕು.