ಬಡವರ ಪಾಲಿಗೇ ಏಕೆ ದೂರ?

ನಮ್ಮವರು ನಾಲ್ಕು ಜನ ಕಲೆತಲ್ಲಿ ಈಚೆಗೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಮುಂಬಯಿಯ ನಡುವೆ ಜಾಗಕ್ಕೆ ಇಷ್ಟು ಬೆಲೆ ಇರುವಾಗ ಬಡವರಿಗೆ ಅಲ್ಲೇ ಮನೆ ಬೇಕೆಂದರೆ ಹೇಗೆ ಸ್ವಾಮಿ? ಹೊರಗೆಲ್ಲಾದರೂ ಕೊಡಲಿ." ಡೊಂಬಿವಲಿಯಿಂದ ಲೋಕಲ್ಲಿನ ಬಾಗಿಲಲ್ಲಿ ನೇತಾಡುತ್ತ ಬರುವವರ ಬಾಯಲ್ಲೂ ಇದೇ ಮಾತು ಬರುವುದು ನಮಗೆ ಸೋಜಿಗ. ತಮ್ಮನ್ನು ಊರಾಚೆಗೆ ತಳ್ಳಿದ ವಾದವನ್ನೇ ಅವರು ತಲೆಯ ಮೇಲೆ ಹೊತ್ತು ತಿರುಗುತ್ತಿದ್ದಾರೆ.

ಜಾಗದ ಬೆಲೆ ಆಕಾಶದಿಂದ ಉದುರಿದ್ದಲ್ಲ. ಎಲ್ಲಿ ರಸ್ತೆ, ಎಲ್ಲಿ ಸ್ಟೇಷನ್ನು, ಯಾವ ನಿವೇಶನದಲ್ಲಿ ಎಷ್ಟು ಅಂತಸ್ತು ಎಂಬುದನ್ನೆಲ್ಲ ನಿರ್ಧರಿಸುವುದು ಸರಕಾರವೂ ಮಹಾನಗರಪಾಲಿಕೆಯೂ ಬರೆಯುವ ಯೋಜನೆ. ಆ ರಸ್ತೆಗೂ ನೀರಿಗೂ ಹಣ ತೆತ್ತವರಲ್ಲಿ ಖೋಲಿಯವನೂ ಇದ್ದಾನೆ. ಬೆಲೆ ಏರಿಸುವಾಗ ಅವನ ಪಾಲು ಬೇಕು, ಮನೆ ಹಂಚುವಾಗ ಅವನು ಬೇಡವೆಂದರೆ ಅದು ಯಾವ ನ್ಯಾಯ?

ಗಿರಣಗಾಂವದ ಕತೆಯನ್ನೇ ನೋಡಿ. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಅವರಿಗೆ ಊಟ ಬಡಿಸುತ್ತಿದ್ದ ನಮ್ಮವರ ಹೋಟೆಲುಗಳೂ ಸೊರಗಿದವು. ಉಳಿದದ್ದು ನೆಲ, ಸುಮಾರು 600 ಎಕರೆ. 1991ರ ನಿಯಮಾವಳಿಯ 58ನೆಯ ನಿಯಮ ಈ ನೆಲಕ್ಕೆ ಒಂದು ಹಂಚಿಕೆ ಹೇಳಿತು: ಸ್ಥೂಲವಾಗಿ ಮೂರರಲ್ಲಿ ಒಂದು ಪಾಲು ಉದ್ಯಾನ, ಮೈದಾನಗಳಿಗೆಂದು ಪಾಲಿಕೆಗೆ, ಒಂದು ಪಾಲು ಸಾರ್ವಜನಿಕ ವಸತಿಗೆಂದು ಮ್ಹಾಡಾಕ್ಕೆ, ಒಂದು ಪಾಲು ಮಾಲಿಕನಿಗೆ. ಇದಕ್ಕಿಂತ ಸರಳವಾದ ಸಮಪಾಲು ಉಂಟೆ? ಆದರೆ 2001ರಲ್ಲಿ ಆ ನಿಯಮಕ್ಕೆ ತಿದ್ದುಪಡಿ ಬಂತು. ಗಿರಣಿಯೊಳಗೆ ಮೊದಲೇ ಖಾಲಿ ಬಿದ್ದಿದ್ದ ನೆಲಕ್ಕೆ ಮಾತ್ರ ಹಂಚಿಕೆ ಅನ್ವಯ, ಕಟ್ಟಡ ಕೆಡವಿದ ಮೇಲೆ ತೆರವಾಗುವ ನೆಲ ಲೆಕ್ಕಕ್ಕಿಲ್ಲ. ಗಿರಣಿಯೆಂದರೆ ಬಹುಪಾಲು ಕಟ್ಟಡವೇ ತಾನೆ! ಕಡತದಲ್ಲಿ ಒಂದು ಪದ ಬದಲಾದರೆ ಏನಾಗುತ್ತದೆಂಬುದನ್ನು ಗುಮಾಸ್ತರಾದ ನಮಗೆ ಯಾರೂ ಕಲಿಸಬೇಕಾಗಿಲ್ಲ. 2005ರಲ್ಲಿ ಹೈಕೋರ್ಟು ಬಡವರ ಪರವಾಗಿ ನುಡಿಯಿತು. 2006ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಲೋವರ್ ಪರೇಲಿನಲ್ಲಿ ಫೀನಿಕ್ಸ್ ಮಿಲ್ಲು ಇದ್ದಲ್ಲಿ ಈಗ ಮಾಲ್ ಇದೆ. ಅಲ್ಲಿ ನೆಲ ಒರೆಸುವವಳು ಎಲ್ಲಿಂದ ಬರುತ್ತಾಳೆಂದು ವಾಚಕರು ಒಮ್ಮೆ ವಿಚಾರಿಸಿ ನೋಡಬೇಕು.

"ಹೊರಗೆಲ್ಲಾದರೂ ಕೊಡಲಿ" ಎಂಬವರಿಗೆ ಮಾಹುಲದ ವಿಷಯ ಗೊತ್ತಿರಲಿ. ತಾನ್ಸಾ ನೀರಿನ ಕೊಳವೆಯ ಪಕ್ಕದ ಗುಡಿಸಲುಗಳನ್ನು ಕಿತ್ತು ಅಲ್ಲಿದ್ದವರನ್ನು ತೈಲ ಶುದ್ಧೀಕರಣ ಸ್ಥಾವರಗಳ ಮಗ್ಗುಲಲ್ಲಿರುವ ಮಾಹುಲದ ಬಹುಮಹಡಿ ಕಟ್ಟಡಗಳಿಗೆ ಸಾಗಿಸಿದರು. ಆ ಗಾಳಿ ಆರೋಗ್ಯಕ್ಕೆ ಅಪಾಯಕರವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲೇ ಹೇಳಿತ್ತು. 2017ರಲ್ಲೂ ಸಾಗಣೆ ನಿಲ್ಲಲಿಲ್ಲ. ಕೊನೆಗೆ 2019ರಲ್ಲಿ ಹೈಕೋರ್ಟು, ಬೇರೆಡೆ ಮನೆ ಕೊಡಿ, ಇಲ್ಲವೆ ತಿಂಗಳಿಗೆ 15,000 ರೂಪಾಯಿ ಬಾಡಿಗೆ ಕೊಡಿ ಎನ್ನಬೇಕಾಯಿತು. ಕೊಟ್ಟದ್ದು ಪಕ್ಕಾ ಮನೆಯೇ, ಬಾಗಿಲು ಕಿಟಕಿ ಎಲ್ಲ ಇದ್ದವು. ಉಸಿರಾಡುವುದಕ್ಕೆ ಗಾಳಿ ಒಂದು ಇರಲಿಲ್ಲ.

ದೂರಕ್ಕೂ ಬೆಲೆಯುಂಟು. ದಿನಕ್ಕೆ ನಾಲ್ಕು ಗಂಟೆ ಓಡಾಟವೆಂದರೆ 300 ದಿನಕ್ಕೆ 1200 ಗಂಟೆ, ಅಂದರೆ ವರ್ಷದಲ್ಲಿ 50 ಹಗಲು, 50 ರಾತ್ರಿ. ಇದು ಯಾವ ಬಜೆಟ್ಟಿನಲ್ಲೂ ಕಾಣದ ತೆರಿಗೆ, ಸಂಬಳ ಕಡಿಮೆಯಾದಷ್ಟೂ ಹೆಚ್ಚಾಗುವ ತೆರಿಗೆ. ಕೊಲ್ಲಿಯಾಚೆ ನವಿ ಮುಂಬಯಿ ಆಗಲೆಂದು ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ 1965ರಲ್ಲಿ ಸೂಚಿಸಿದಾಗ ಸರಕಾರಿ ಕಚೇರಿಗಳೂ ಅತ್ತ ಹೋಗಲಿ ಎಂದಿದ್ದರು. ಸಿಡ್ಕೋ ಹುಟ್ಟಿದ್ದು 1970ರಲ್ಲಿ, ವಾಶಿಗೆ ರೈಲು ಬಂದದ್ದು 1992ರಲ್ಲಿ. ಸಚಿವಾಲಯ ಮಾತ್ರ ಇದ್ದಲ್ಲಿಂದ ಕದಲಲಿಲ್ಲ.

ಹಾಗಾದರೆ ಇದೆಲ್ಲ ಆಗದ ಹೋಗದ ಮಾತೆ? 2025ರ ಆಗಸ್ಟಿನಲ್ಲಿ ವರ್ಲಿಯ ಬಿ.ಡಿ.ಡಿ. ಚಾಳಿನ 556 ಕುಟುಂಬಗಳಿಗೆ ಅದೇ ನೆಲದಲ್ಲಿ 500 ಚದರಡಿಯ ಮನೆಯ ಕೀಲಿ ಸಿಕ್ಕಿತು. ಮೊದಲು ಅವರಿದ್ದದ್ದು 160 ಚದರಡಿಯ ಖೋಲಿಯಲ್ಲಿ. ಇನ್ನು ನಾವಿರುವ ಅಂಟಾಪ್ ಹಿಲ್ಲಿನ ಕೇಂದ್ರ ಸರಕಾರಿ ಕ್ವಾರ್ಟರ್ಸುಗಳಲ್ಲಿ ಪ್ಯೂನನೂ ಗುಮಾಸ್ತನೂ ಮೇಲಿನ ಅಧಿಕಾರಿಯೂ ಒಂದೇ ಕಾಲೊನಿಯವರು, ಒಂದೇ ಮಾರುಕಟ್ಟೆಯಲ್ಲಿ ಸೊಪ್ಪು ಕೊಳ್ಳುವವರು. ಇದರಿಂದ ಯಾರ ಮಾನವೂ ಕಡಿಮೆಯಾದದ್ದನ್ನು ನಾವು ಕಾಣೆವು.

ನಮ್ಮ ಸಂಘಸಂಸ್ಥೆಗಳು ಭವನಕ್ಕೆ ನಿವೇಶನ ಬೇಕೆಂದರೆ ಮಂತ್ರಿಗಳ ಬಾಗಿಲಲ್ಲಿ ಹಾರ ಹಿಡಿದು ನಿಲ್ಲುತ್ತವೆ. ಆದರೆ ನಗರದ ಕರಡು ಯೋಜನೆ ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು ಯಾವ ನಾಗರಿಕನಿಗೂ 1966ರ ಕಾಯಿದೆ ಅವಕಾಶ ಕೊಟ್ಟಿದೆ ಎಂಬುದು ಎಷ್ಟು ಪದಾಧಿಕಾರಿಗಳಿಗೆ ಗೊತ್ತು? 2015ರಲ್ಲಿ ಹತ್ತಾರು ಸಾವಿರ ಆಕ್ಷೇಪಣೆಗಳು ಬಂದುದರಿಂದಲೇ ಮುಂಬಯಿಯ ಕರಡನ್ನು ಹೊಸದಾಗಿ ಬರೆಯಬೇಕಾಯಿತು. ಯಕ್ಷಗಾನಕ್ಕೂ ನಾಡಹಬ್ಬಕ್ಕೂ ಉಪಸಮಿತಿ ಮಾಡುವವರು, ಗೆಜೆಟ್ಟಿನ ಪ್ರಕಟಣೆ ಓದಿ ಸದಸ್ಯರಿಗೆ ಕನ್ನಡದಲ್ಲಿ ತಿಳಿಸಲು, ಆಕ್ಷೇಪಣೆಯ ಅರ್ಜಿ ಬರೆದುಕೊಡಲು ಇಬ್ಬರನ್ನಾದರೂ ನೇಮಿಸಲಿ. ಅರ್ಜಿ ಬರೆಯುವ ಕೆಲಸಕ್ಕೆ ನಮ್ಮಂಥ ಗುಮಾಸ್ತರು ಬೇಕಾದಷ್ಟು ಮಂದಿ ಸಿಗುತ್ತೇವೆ.