ನಿಂತರೆ ಆರುವ ಎಂಜಿನ್

ಮಂಗಳೂರಿನ ಕಡೆಯಿಂದ ಶಿರಾಡಿ ಘಾಟಿಯನ್ನು ಏದುಸಿರು ಬಿಡುತ್ತ ಹತ್ತಿ ಬಂದ ಹಳೆಯ ಪ್ರೀಮಿಯರ್ ಪದ್ಮಿನಿ ಕಾರೊಂದು ಹೆಗ್ಗದ್ದೆಯ ಬಳಿ ಲಾರಿಗಳ ಸಾಲಿನ ಹಿಂದೆ ನಿಲ್ಲುತ್ತದೆ ಎನ್ನಿ. ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಎಂಜಿನ್ ಎರಡು ಸಲ ನಡುಗಿ ಆರಿಹೋಗುತ್ತದೆ. ಚಾವಿ ತಿರುಗಿಸಿದರೆ ಮತ್ತೆ ಶುರು, ಕಾಲು ತೆಗೆದರೆ ಮತ್ತೆ ಆಫ್. ಘಟ್ಟ ಹತ್ತುವಷ್ಟು ಕಸುವಿರುವ ಎಂಜಿನ್ನಿಗೆ ಸುಮ್ಮನೆ ನಿಲ್ಲುವುದೇಕೆ ಕಷ್ಟ?

ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಓಡುವಾಗ ಸರಿಯಿದ್ದು ನಿಂತಾಗ ಮಾತ್ರ ಕೈಕೊಡುತ್ತದೆ ಎಂದರೆ ಟ್ಯಾಂಕು, ಪೆಟ್ರೋಲ್ ಪಂಪು, ದೊಡ್ಡ ಜೆಟ್ಟುಗಳೆಲ್ಲ ಬಹುಮಟ್ಟಿಗೆ ನಿರಪರಾಧಿಗಳು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲಿಗೆ ಎರಡು ದಾರಿಗಳಿವೆ. ಕಾರು ಓಡುವಾಗ ಗಾಳಿ ಕಿರಿದಾದ ಕಂಠದಲ್ಲಿ ರಭಸದಿಂದ ನುಗ್ಗುತ್ತದೆ. ವೇಗ ಹೆಚ್ಚಿದಲ್ಲಿ ಒತ್ತಡ ಕುಸಿದು ಪೆಟ್ರೋಲು ತಾನಾಗಿ ಚಿಮ್ಮುತ್ತದೆ. ಹತ್ತನೇ ತರಗತಿ ದಾಟಿದವರಿಗೆ ಇದು ಬರ್ನೂಲಿಯ ತತ್ವ. ಕಾಲು ತೆಗೆದಾಗ ಥ್ರಾಟಲ್ ಎಂಬ ತಟ್ಟೆ ಮುಚ್ಚಿಕೊಳ್ಳುತ್ತದೆ. ಆಗ ಕಂಠದಲ್ಲಿ ಹಾಯುವ ಗಾಳಿ ಅತ್ಯಲ್ಪ. ದೊಡ್ಡ ಜೆಟ್ಟಿನಿಂದ ಒಂದು ಹನಿಯೂ ಏಳದು. ಆದರೆ ಮುಚ್ಚಿದ ತಟ್ಟೆಯ ಆಚೆ, ಸಿಲಿಂಡರುಗಳು ಹೀರುತ್ತಿರುವ ಕಡೆ, ಬಲವಾದ ಅರೆ ನಿರ್ವಾತ ಏರ್ಪಡುತ್ತದೆ. ತಟ್ಟೆಯ ಅಂಚಿನ ಬಳಿ ಕೊರೆದ ಪುಟ್ಟ ರಂಧ್ರದ ಮೂಲಕ ಅದು ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಈ ಸಣ್ಣ ದಾರಿಯ ಜೆಟ್ಟಿನ ತೂತು ಸುಮಾರು ಅರ್ಧ ಮಿಲಿಮೀಟರ್. ಒಂದು ಮರಳಿನ ಕಣ ಸಾಕು.

ಹೀಗಿರುವಾಗ ಹೆಚ್ಚಿನವರು ಮಾಡುವುದೇನು? ಸ್ಕ್ರೂಡ್ರೈವರ್ ಹಿಡಿದು ಐಡ್ಲಿಂಗ್ ಸ್ಕ್ರೂ ಬಿಗಿ ಮಾಡುತ್ತಾರೆ. ತಟ್ಟೆ ತುಸು ತೆರೆದು, ಎಂಜಿನ್ ಜೋರಾಗಿ ಗುರುಗುಟ್ಟುತ್ತ ನಿಲ್ಲುತ್ತದೆ. ಇದು ಜ್ವರ ಬಂದವನ ಥರ್ಮಾಮೀಟರನ್ನು ಒಡೆದಂತೆ. ದೋಷ ಒಳಗೇ ಉಳಿದು ಪೆಟ್ರೋಲು ಸುಮ್ಮನೆ ಸುಡುತ್ತದೆ.

ಮೊದಲು ಎಂಜಿನ್ನನ್ನೇ ಕೇಳಬೇಕು. ಬಿಸಿಯಾದ ಎಂಜಿನ್ ಆರಲು ಹೊರಟಾಗ ಚೋಕ್ ಗುಂಡಿಯನ್ನು ಸ್ವಲ್ಪ ಎಳೆಯಿರಿ. ಚೇತರಿಸಿಕೊಂಡರೆ ಅದಕ್ಕೆ ಪೆಟ್ರೋಲು ಸಾಲದು, ಅಥವಾ ಬೇಡದ ಗಾಳಿ ಎಲ್ಲಿಂದಲೋ ಒಳನುಗ್ಗುತ್ತಿದೆ. ಇನ್ನಷ್ಟು ಬೇಗ ಕೆಮ್ಮಿ ಆರಿದರೆ ಪೆಟ್ರೋಲು ಹೆಚ್ಚಾಗಿದೆ: ಫ್ಲೋಟ್ ಸೂಜಿ ಸರಿಯಾಗಿ ಮುಚ್ಚುತ್ತಿಲ್ಲ, ಇಲ್ಲವೇ ಘಟ್ಟ ಹತ್ತಿದ ಕಾವಿಗೆ ಕಾರ್ಬ್ಯುರೇಟರಿನ ಬಟ್ಟಲಲ್ಲಿ ಪೆಟ್ರೋಲು ಕುದಿದು ಉಕ್ಕುತ್ತಿದೆ. ಕುದಿತವಾದರೆ ಬಾನೆಟ್ ತೆರೆದು ಕಾಲು ಗಂಟೆ ಕಾಯುವುದೇ ಮದ್ದು. ಒಂದು ಗುಂಡಿಯ ಎಳೆತದಿಂದ ಶಂಕಿತರ ಪಟ್ಟಿ ಅರ್ಧವಾಯಿತಲ್ಲ! ಈ ಪರೀಕ್ಷೆಗೆ ದುಡ್ಡಿಲ್ಲ, ಉಪಕರಣವಿಲ್ಲ; ಆದರೂ ಇದನ್ನು ಮಾಡುವವರು ಕಡಿಮೆ.

ಬೇಡದ ಗಾಳಿ ಬರುವುದು ಬಿರುಕು ಬಿಟ್ಟ ರಬ್ಬರ್ ಕೊಳವೆಯಿಂದ, ಕಾರ್ಬ್ಯುರೇಟರಿನ ಬುಡದ ಗ್ಯಾಸ್ಕೆಟ್ಟಿನಿಂದ. ಕಿವಿಗೊಟ್ಟರೆ ಸಣ್ಣಗೆ ಸುಯ್ ಎನ್ನುವ ಸದ್ದು ಕೇಳೀತು. ಸಂದಿಗಳ ಮೇಲೆ ಸ್ವಲ್ಪ ನೀರು ಚಿಮುಕಿಸಿ. ಎಂಜಿನ್ನಿನ ಲಯ ಬದಲಾದರೆ ಸೋರಿಕೆ ಅಲ್ಲೇ. ಮಾರುತಿ 800ರಂಥ ಕಾರುಗಳ ಹಲವು ಮಾದರಿಗಳಲ್ಲಿ ಬ್ರೇಕಿಗೆ ಬಲ ಕೊಡುವುದೂ ಇದೇ ನಿರ್ವಾತ. ಆ ಕೊಳವೆ ಸೋರಿದರೆ ಎಂಜಿನ್ನೂ ತಡವರಿಸುತ್ತದೆ, ಬ್ರೇಕೂ ಸೊರಗುತ್ತದೆ. ಇಳಿಜಾರಿನಲ್ಲಿ ಎಂಜಿನ್ ಆರಿದರೆ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಶೇಖರವಾದ ನಿರ್ವಾತ ಮುಗಿದು ಪೆಡಲ್ ಕಲ್ಲಿನಂತಾಗುತ್ತದೆ. ಬ್ರೇಕ್ ಆಗಲೂ ಹಿಡಿಯುತ್ತದೆ, ಆದರೆ ಮೈಭಾರ ಹಾಕಿ ಒತ್ತಬೇಕು. ಘಟ್ಟದವರು ಈ ಕಾಯಿಲೆಯನ್ನು ಕಿರಿಕಿರಿ ಎಂದು ತಳ್ಳಿಹಾಕಬಾರದು.

ಸೋರಿಕೆ ಇಲ್ಲದಿದ್ದರೆ ಮಿಶ್ರಣದ ಸ್ಕ್ರೂವನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿ ನೋಡಬೇಕು. ಎಂಜಿನ್ ಕುಗ್ಗಿದರೆ ದಾರಿ ತೆರೆದಿದೆ. ಎಷ್ಟು ತಿರುಗಿಸಿದರೂ ಏನೂ ಆಗದಿದ್ದರೆ ಸಣ್ಣ ಜೆಟ್ ಕಟ್ಟಿದೆ. ಅದನ್ನು ಬಿಚ್ಚಿ ಗಾಳಿ ಊದಿ ಸ್ವಚ್ಛ ಮಾಡಬೇಕೇ ಹೊರತು ತಂತಿ ತೂರಿಸಬಾರದು. ಹಿತ್ತಾಳೆ ಮೃದು, ತೂತು ಹಿಗ್ಗಿದರೆ ಅಳತೆ ಕೆಟ್ಟಿತು. ಇಷ್ಟೆಲ್ಲ ಸರಿಯಿದ್ದೂ ಮಳೆಗಾಲದಲ್ಲಿ ಮಾತ್ರ ತೊಂದರೆಯೆಂದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಣ ಬಟ್ಟೆಯಿಂದ ಒರೆಸಿ. ಮಲೆನಾಡಿನ ಜುಲೈ ತಿಂಗಳಲ್ಲಿ ಕಾರ್ಬ್ಯುರೇಟರಿನ ಮೇಲೆ ಹೊರಿಸುವ ಎಷ್ಟೋ ತಪ್ಪುಗಳು ಅಲ್ಲಿ ಕುಳಿತ ತೇವದವು.

ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಶೇಕಡಾ 9ರಷ್ಟು ಕಡಿಮೆ. ಮಂಗಳೂರಿನಲ್ಲಿ ಹೊಂದಿಸಿದ ಕಾರ್ಬ್ಯುರೇಟರ್ ಇಲ್ಲಿ ಬೇಕಾದ್ದಕ್ಕಿಂತ ಶೇಕಡಾ 5ರಷ್ಟು ಹೆಚ್ಚು ಪೆಟ್ರೋಲು ಕೊಡುತ್ತದೆ. ಇದಕ್ಕೆ ತದ್ವಿರುದ್ಧ ಬದಲಾವಣೆ ಪೆಟ್ರೋಲಿನಲ್ಲೇ ಬಂದಿದೆ. ಶೇಕಡಾ 20 ಎಥನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಎಥನಾಲಿನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಒಂದು ಕಿಲೋ ಇಂಧನಕ್ಕೆ 14.7 ಕಿಲೋ ಗಾಳಿಯ ಬದಲು ಸುಮಾರು 13.5 ಕಿಲೋ ಸಾಕು. ಹೊಸ ಕಾರಿನ ಕಂಪ್ಯೂಟರು ಇದನ್ನು ತಾನೇ ಸರಿತೂಗಿಸುತ್ತದೆ. ಪದ್ಮಿನಿಗೆ ಆ ವಿದ್ಯೆ ಇಲ್ಲ. ಹಳೆಯ ಅಳತೆಯಲ್ಲೇ ಪೆಟ್ರೋಲು ಬಿಟ್ಟು ಹಸಿದುಕೊಳ್ಳುತ್ತದೆ. ಘಟ್ಟದ ಮೇಲೆ ಒಂದು ಕೊರತೆ ಇನ್ನೊಂದನ್ನು ಪೂರ್ತಿಯಲ್ಲದಿದ್ದರೂ ಬಹುಪಾಲು ತುಂಬುತ್ತದೆ ಎನ್ನುವುದು ತಮಾಷೆಯ ಸಂಗತಿ. ಇದೇ ಕಾರು ಕರಾವಳಿಗೆ ಇಳಿದರೆ ಸ್ಕ್ರೂವನ್ನು ತುಸು ಹೊರಕ್ಕೆ ತಿರುಗಿಸಬೇಕಾದೀತು.

ಎಥನಾಲ್ ನೀರನ್ನೂ ಹೀರುತ್ತದೆ, ಹಳೆಯ ರಬ್ಬರನ್ನೂ ಉಬ್ಬಿಸುತ್ತದೆ. ಮಳೆಗಾಲವಿಡೀ ಶೆಡ್ಡಿನಲ್ಲಿ ನಿಲ್ಲಿಸುವ ಕಾರಾದರೆ ಬಟ್ಟಲಿನ ಪೆಟ್ರೋಲು ಖಾಲಿ ಮಾಡಿಡುವುದು ಲೇಸು. ಪರೀಕ್ಷೆಯನ್ನೆಲ್ಲ ಶೆಡ್ಡಿನ ಹೊರಗೆ, ಬೀಡಿ ಬೆಂಕಿಯಿಂದ ದೂರದಲ್ಲಿ ನಡೆಸಬೇಕು. ಮುಚ್ಚಿದ ಕೋಣೆಯಲ್ಲಿ ಓಡುವ ಎಂಜಿನ್ ಉಗುಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ.