ನಿಂತರೆ ಉಂಟು, ನಡೆದರೆ ಇಲ್ಲ

ಪುಣೆಯಿಂದ ಒಬ್ಬ ತಾಯಿ ಬರೆದ ಪತ್ರವು ಈ ಸಲದ ಅಂಕಣಕ್ಕೆ ವಿಷಯವನ್ನು ಒದಗಿಸಿದೆ. ಅವರ ಮಗಳು ಎಂಜಿನಿಯರಿಂಗ್ ಓದುತ್ತ ಕಾಲೇಜಿನ ಹಾಸ್ಟೆಲಿನಲ್ಲಿದ್ದಾಳೆ. ರಾತ್ರಿ ಎಂಟು ಗಂಟೆಗೆ ಮನೆಗೆ ವೀಡಿಯೋ ಕರೆ ಮಾಡುವ ರೂಢಿ. ಕೋಣೆಯಲ್ಲಿ ಕುಳಿತು ಆಡಿದ ಮಾತೆಲ್ಲ ಸ್ಪಷ್ಟ. ಊಟಕ್ಕೆಂದು ಮೆಸ್ಸಿನ ಕಡೆಗೆ ಹೆಜ್ಜೆ ಹಾಕಿದಳೋ, ಮುಖ ನಿಂತುಬಿಡುತ್ತದೆ, ದನಿ ತುಂಡಾಗುತ್ತದೆ, ಕೊನೆಗೆ ಕರೆಯೇ ಕಡಿಯುತ್ತದೆ. “ನಮ್ಮ ಉಪದೇಶ ಬೇಸರವಾಗಿ ಇವಳೇ ಕಡಿಯುತ್ತಾಳೆಂದು ನಮ್ಮ ಯಜಮಾನರಿಗೆ ಅನುಮಾನ. ವೈಫೈಯ ಗೆರೆಗಳು ಕಾಣುತ್ತಲೇ ಇರುತ್ತವೆಂದು ಅವಳೇ ಹೇಳುತ್ತಾಳೆ. ಹಾಗಿದ್ದರೆ ಮಾತು ಕಡಿಯುವುದೇಕೆ?” ಎಂದು ಅವರ ಪ್ರಶ್ನೆ.

ಯಜಮಾನರಿಗೆ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಪತ್ರದಲ್ಲಿರುವ ಲಕ್ಷಣಗಳನ್ನು ನೋಡಿದರೆ ತಪ್ಪು ಮಗಳದಲ್ಲ; ಅವಳ ಕೈಯಲ್ಲಿರುವ ಯಂತ್ರದ್ದು.

ನಮ್ಮ ಮನೆಗಳಲ್ಲಿ ವೈಫೈ ಎಂದರೆ ಒಂದೇ ಡಬ್ಬಿ. ಕಾಲೇಜಿನ ಆವರಣದಲ್ಲಿ ಹಾಗಲ್ಲ. ಹಾಸ್ಟೆಲಿನ ಪ್ರತಿ ಅಂತಸ್ತಿನಲ್ಲಿ, ಗ್ರಂಥಾಲಯದ ಚಾವಣಿಯಲ್ಲಿ, ಮೆಸ್ಸಿನ ಗೋಡೆಯಲ್ಲಿ ಬೇರೆ ಬೇರೆ ಡಬ್ಬಿಗಳಿರುತ್ತವೆ. ಆಕ್ಸೆಸ್ ಪಾಯಿಂಟ್ ಎಂದು ಅವುಗಳ ಹೆಸರು; ನಾವು ಡಬ್ಬಿ ಎಂದೇ ಕರೆಯೋಣ. ನೂರಾರು ಇದ್ದರೂ ಎಲ್ಲವೂ ಒಂದೇ ಹೆಸರನ್ನು ಸಾರುವುದರಿಂದ ಫೋನಿನ ಪಟ್ಟಿಯಲ್ಲಿ ಒಂದೇ ಹೆಸರು ಕಾಣುತ್ತದೆ. ಆದರೆ ಒಂದು ಹೊತ್ತಿಗೆ ಫೋನು ಮಾತಾಡುವುದು ಒಂದೇ ಡಬ್ಬಿಯೊಡನೆ. ನಾವು ನಡೆದಂತೆಲ್ಲ ಅದು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕು. ಇದಕ್ಕೇ ರೋಮಿಂಗ್ ಎನ್ನುತ್ತಾರೆ. ಹಿಂದೆ ಪರರಾಜ್ಯಕ್ಕೆ ಹೋದಾಗ ಮೊಬೈಲ್ ಕಂಪನಿಯವರು ಹಣ ಕೀಳುತ್ತಿದ್ದ ರೋಮಿಂಗ್ ಬೇರೆ, ಇದು ಬೇರೆ.

ಬಿಡುವುದು ಯಾವಾಗ, ಹಿಡಿಯುವುದು ಯಾವುದನ್ನು ಎಂದು ತೀರ್ಮಾನಿಸುವವರು ಯಾರು? ರೋಗದ ಮೂಲ ಈ ಪ್ರಶ್ನೆಯಲ್ಲಿದೆ. ದಾದರಿನಿಂದ ಠಾಣೆಗೆ ಲೋಕಲಿನಲ್ಲಿ ಹೋಗುತ್ತ ಮೊಬೈಲಿನಲ್ಲಿ ಮಾತಾಡುವಾಗ ಒಂದು ಗೋಪುರದಿಂದ ಮತ್ತೊಂದಕ್ಕೆ ನಮ್ಮನ್ನು ದಾಟಿಸುವುದು ಕಂಪನಿಯ ಜಾಲ. ತನಗೆ ಯಾವ ಗೋಪುರ ಎಷ್ಟು ಕೇಳಿಸುತ್ತದೆಂದು ಫೋನು ವರದಿ ಒಪ್ಪಿಸುತ್ತದೆ; ಆಜ್ಞೆ ಮೇಲಿನಿಂದ ಬರುತ್ತದೆ. ವೈಫೈಯಲ್ಲಿ ಎಲ್ಲವೂ ತಲೆಕೆಳಗು. ೧೯೯೭ರಲ್ಲಿ ಹೊರಬಂದ ೮೦೨.೧೧ ಎಂಬ ಮೂಲ ನಿಯಮಾವಳಿಯಿಂದ ಹಿಡಿದು ಇಂದಿನವರೆಗೂ ತೀರ್ಮಾನ ಫೋನಿನದೇ. ಸರ್ಕಾರಿ ಕಚೇರಿಯ ನನ್ನಂಥವನ ಭಾಷೆಯಲ್ಲಿ ಹೇಳುವುದಾದರೆ, ಗುಮಾಸ್ತನ ವರ್ಗಾವಣೆಯ ಆಜ್ಞೆಯನ್ನು ಗುಮಾಸ್ತನೇ ಬರೆದುಕೊಳ್ಳುವ ಇಲಾಖೆ ಅದು. ಅಂಥ ಇಲಾಖೆಯಲ್ಲಿ ಹಳೆಯ ಕುರ್ಚಿಯನ್ನು ಯಾರು ತಾನೇ ಬೇಗ ಬಿಟ್ಟಾರು?

ಫೋನೂ ಬಿಡುವುದಿಲ್ಲ. ಐಫೋನಿನ ನಿಯಮವನ್ನು ಆ್ಯಪಲ್ ಸಂಸ್ಥೆಯೇ ಪ್ರಕಟಿಸಿದೆ. ಹಿಡಿದಿರುವ ಡಬ್ಬಿಯ ಬಲವು ಮೈನಸ್ ೭೦ ಡಿಬಿಎಂಗಿಂತ ಕೆಳಕ್ಕೆ ಇಳಿಯುವವರೆಗೆ ಅದು ಬೇರೆಯದನ್ನು ಹುಡುಕಲು ಹೊರಡುವುದಿಲ್ಲ. ಹುಡುಕಿದಾಗಲೂ, ಕೆಲಸ ನಡೆಯುತ್ತಿದ್ದರೆ ೮ ಡೆಸಿಬೆಲ್, ಸುಮ್ಮನಿದ್ದರೆ ೧೨ ಡೆಸಿಬೆಲ್ ಹೆಚ್ಚು ಬಲವುಳ್ಳ ಡಬ್ಬಿ ಸಿಕ್ಕರೆ ಮಾತ್ರ ಹಾರುತ್ತದೆ. ಅದೇ ಸಂಸ್ಥೆಯ ಮ್ಯಾಕ್ ಕಂಪ್ಯೂಟರುಗಳಿಗೆ ಗಡಿ ಮೈನಸ್ ೭೫. (ಮೈನಸ್ ೭೦ ಎಂದರೆ ಒಂದು ವ್ಯಾಟಿನ ಸಾವಿರ ಕೋಟಿಯಲ್ಲೊಂದು ಪಾಲು. ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಬಲ ಕಡಿಮೆ ಎಂದು ನೆನಪಿಟ್ಟರೆ ಸಾಕು.) ಬೇರೆ ಕಂಪನಿಗಳ ಫೋನುಗಳು ಬೇರೆ ಬೇರೆ ಲೆಕ್ಕ ಇಟ್ಟುಕೊಂಡಿವೆ. ಆದುದರಿಂದಲೇ ಒಂದೇ ಕೋಣೆಯ ಇಬ್ಬರು ಹುಡುಗಿಯರು ಜೊತೆಯಾಗಿ ಮೆಸ್ಸಿಗೆ ನಡೆದರೆ ಒಬ್ಬಳ ಕರೆ ಉಳಿದು ಇನ್ನೊಬ್ಬಳದು ಕಡಿಯುವುದುಂಟು. ಇಂಥ ಬಿಡಲೊಲ್ಲದ ಯಂತ್ರವನ್ನು ತಂತ್ರಜ್ಞರು ಸ್ಟಿಕಿ ಕ್ಲೈಂಟ್ ಎನ್ನುತ್ತಾರೆ. ನಾವು ಅಂಟುಗಿರಾಕಿ ಎನ್ನಬಹುದು.

ಗೆರೆಗಳು ಕಾಣುತ್ತಿದ್ದವಲ್ಲ ಎಂದರೆ, ಡಬ್ಬಿಯ ದನಿ ಫೋನಿಗೆ ಎಷ್ಟು ಕೇಳಿಸುತ್ತದೆಂಬುದನ್ನು ಅವು ತೋರಿಸುತ್ತವೆಯೇ ಹೊರತು, ಫೋನಿನ ದನಿ ಡಬ್ಬಿಗೆ ಕೇಳಿಸುತ್ತದೆಯೇ ಎಂಬುದನ್ನಲ್ಲ. ಡಬ್ಬಿಗೆ ವಿದ್ಯುತ್ತಿನ ಕೊರತೆಯಿಲ್ಲ, ಗಟ್ಟಿಯಾಗಿ ಕೂಗುತ್ತದೆ. ಫೋನಿಗೆ ಬ್ಯಾಟರಿಯ ಚಿಂತೆ, ಮೆಲ್ಲಗೆ ಉತ್ತರ ಕೊಡುತ್ತದೆ. ಆದುದರಿಂದ “ಡಬ್ಬಿಗಳ ಬಲ ಹೆಚ್ಚಿಸಿರಿ” ಎಂದು ವಿದ್ಯಾರ್ಥಿಗಳು ಕೊಡುವ ಮನವಿ ಎಷ್ಟೋ ಸಲ ರೋಗವನ್ನೇ ಹೆಚ್ಚಿಸುತ್ತದೆ. ಹಾಸ್ಟೆಲಿನ ಡಬ್ಬಿ ಮೆಸ್ಸಿನವರೆಗೂ ಕೇಳಿಸುವಂತಾದರೆ ಫೋನು ಅದನ್ನು ಬಿಡುವುದಾದರೂ ಏಕೆ? ಬಲ್ಲ ತಂತ್ರಜ್ಞರು ಅಗತ್ಯವಿದ್ದಲ್ಲಿ ಬಲವನ್ನು ಇಳಿಸುತ್ತಾರೆ. ಸೆಕೆಂಡಿಗೆ ೧, ೨ ಮೆಗಾಬಿಟ್‌ಗಳ ಹಳೆಯ ನಿಧಾನ ವೇಗಗಳನ್ನು ಮುಚ್ಚಿಬಿಡುತ್ತಾರೆ. ದೂರದಿಂದ ಕುಂಟುತ್ತ ಅಂಟಿಕೊಂಡಿರಲು ಆಸ್ಪದವಿಲ್ಲದಾಗ ಫೋನು ಹತ್ತಿರದ ಡಬ್ಬಿಯತ್ತ ಕಣ್ಣು ಹಾಯಿಸುತ್ತದೆ.

ಬಿಡಲು ಮನಸ್ಸು ಮಾಡಿದ ಫೋನಿಗೂ ಸೇರುವುದು ತಡವಾಗಬಹುದು. ಕಾಲೇಜಿನ ವೈಫೈಯಲ್ಲಿ ಸಾಮಾನ್ಯವಾಗಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಹೆಸರು, ಪ್ರತ್ಯೇಕ ಪಾಸ್‌ವರ್ಡ್. ಡಬ್ಬಿ ಬದಲಾದಾಗಲೆಲ್ಲ ಇವು ಸರ್ವರಿಗೆ ಹೋಗಿ ಮೊದಲಿನಿಂದ ಪರಿಶೀಲನೆಯಾಗಿ ಬರಬೇಕಾದರೆ ಒಂದು ಸೆಕೆಂಡಿನವರೆಗೂ ಹಿಡಿಯುವುದುಂಟು. ಪುಟ ಓದುವವನಿಗೆ ಅದು ಲೆಕ್ಕಕ್ಕಿಲ್ಲ. ಮಾತಾಡುವವನಿಗೆ ದೊಡ್ಡ ಕಂದಕ. ೨೦೦೮ರಲ್ಲಿ ಬಂದ ೮೦೨.೧೧ಆರ್ ಎಂಬ ತಿದ್ದುಪಡಿ ಇದಕ್ಕೆ ಮದ್ದು. ಮೊದಲ ಡಬ್ಬಿಯಲ್ಲಿ ಆದ ಪರಿಶೀಲನೆಯನ್ನೇ ನಂಬಿ ಉಳಿದವು ಕಣ್ಣು ಮಿಟುಕಿಸುವುದರೊಳಗೆ ಸೇರಿಸಿಕೊಳ್ಳುತ್ತವೆ. ನೌಕರನಿಗಿಂತ ಮುಂಚೆಯೇ ಅವನ ಸೇವಾ ಪುಸ್ತಕ ಹೊಸ ಕಚೇರಿಗೆ ತಲುಪಿದಂತೆ. ಅದೇ ವರ್ಷದ ೮೦೨.೧೧ಕೆ ಅಕ್ಕಪಕ್ಕದ ಡಬ್ಬಿಗಳ ಪಟ್ಟಿಯನ್ನು ಫೋನಿಗೆ ಒದಗಿಸುತ್ತದೆ. ೨೦೧೧ರ ೮೦೨.೧೧ವಿ, “ನೀನು ಆ ಡಬ್ಬಿಗೆ ಹೋಗುವುದು ಲೇಸು” ಎಂದು ಹೇಳುತ್ತದೆ. ಇದು ಸಲಹೆಯೇ ಹೊರತು ಆಜ್ಞೆಯಲ್ಲ. ಫೋನು ಕೇಳದಿದ್ದರೆ ಇಲ್ಲ. ಇವೆಲ್ಲವೂ ಡಬ್ಬಿಗೂ ತಿಳಿದಿರಬೇಕು, ಫೋನಿಗೂ ತಿಳಿದಿರಬೇಕು.

ಮತ್ತೊಂದು ತೊಡಕು ವಿಳಾಸದ್ದು. ಕೆಲವು ಆವರಣಗಳಲ್ಲಿ ಹೆಸರು ಒಂದೇ ಆದರೂ ಕಟ್ಟಡ ದಾಟಿದೊಡನೆ ಫೋನಿನ ಐಪಿ ವಿಳಾಸ ಬದಲಾಗುವಂತೆ ಜಾಲವನ್ನು ಭಾಗ ಮಾಡಿರುತ್ತಾರೆ. ಬಾಡಿಗೆ ಮನೆ ಬದಲಾಯಿಸಿದವರಿಗೆ ಹಳೆಯ ವಿಳಾಸದ ಟಪಾಲು ತಲುಪದೆ ಹೋಗುವುದನ್ನು ನಮ್ಮ ಬಾಂಧವರಿಗೆ ವಿವರಿಸಬೇಕಾಗಿಲ್ಲ.

ಇನ್ನು ಪರೀಕ್ಷೆಯ ಕ್ರಮ. ಮಾತು ಕೆಟ್ಟೊಡನೆ ಒಂದು ನಿಮಿಷ ನಿಲ್ಲಬೇಕು. ನಿಂತ ಬಳಿಕ ತಾನಾಗಿ ಸರಿಹೋದರೆ, ಡಬ್ಬಿ ಬದಲಾಯಿಸುವುದು ತಡವಾಯಿತೆಂದು ಊಹಿಸಬಹುದು. ನಿಂತರೂ ಸರಿಯಾಗದೆ, ವೈಫೈಯನ್ನು ಆಫ್ ಮಾಡಿ ಆನ್ ಮಾಡಿದ ಕೂಡಲೆ ಸರಿಹೋದರೆ ಅದು ಅಂಟುರೋಗವೋ ವಿಳಾಸದ ತೊಡಕೋ ಆಗಿರಬೇಕು. ಏಕೆಂದರೆ ಆಗ ಫೋನು ಹೊಸದಾಗಿ ಹುಡುಕಿ, ಹೊಸ ವಿಳಾಸವನ್ನೂ ಕೇಳಿ ಪಡೆಯುತ್ತದೆ. ಅದಕ್ಕೂ ಬಗ್ಗದಿದ್ದರೆ ಆ ಜಾಗದಲ್ಲಿ ಡಬ್ಬಿಯೇ ಇಲ್ಲ, ಅಥವಾ ಇದ್ದದ್ದು ಕೆಟ್ಟಿದೆ ಎಂಬ ಸಂಶಯ ಬಲವಾಗುತ್ತದೆ.

ಖಚಿತವಾಗಬೇಕಾದರೆ ಡಬ್ಬಿಯ ಗುರುತನ್ನೇ ನೋಡಬಹುದು. ಬಿಎಸ್‌ಎಸ್‌ಐಡಿ ಎಂಬ ಹನ್ನೆರಡು ಅಂಕಿ-ಅಕ್ಷರಗಳ ಗುರುತು ಪ್ರತಿ ಡಬ್ಬಿಗೂ ಬೇರೆ. ಆಂಡ್ರಾಯ್ಡ್ ಫೋನಿನಲ್ಲಿ ಇದನ್ನು ತೋರಿಸುವ ಉಚಿತ ಆ್ಯಪ್‌ಗಳಿವೆ. ಮ್ಯಾಕ್‌ನಲ್ಲಿ ಆಪ್ಷನ್ ಕೀಲಿಯನ್ನು ಒತ್ತಿ ಹಿಡಿದು ವೈಫೈ ಚಿಹ್ನೆಯನ್ನು ಕ್ಲಿಕ್ ಮಾಡಿದರೆ ಸಾಕು. ಮೆಸ್ಸಿನಲ್ಲಿ ಕುಳಿತಾಗಲೂ ಹಾಸ್ಟೆಲಿನ ಡಬ್ಬಿಯ ಗುರುತೇ ಕಾಣುತ್ತಿದ್ದರೆ ಕಳ್ಳ ಸಿಕ್ಕಿದನೆಂದು ತಿಳಿಯಿರಿ. ಇಂಟೆಲ್ ವೈಫೈ ಕಾರ್ಡಿರುವ ವಿಂಡೋಸ್ ಲ್ಯಾಪ್‌ಟಾಪಾದರೆ ಡಿವೈಸ್ ಮ್ಯಾನೇಜರಿನಲ್ಲಿ ‘ರೋಮಿಂಗ್ ಅಗ್ರೆಸಿವ್‌ನೆಸ್’ ಎಂಬ ಐದು ಮೆಟ್ಟಿಲುಗಳ ಹೊಂದಿಕೆ ಸಿಗುತ್ತದೆ. ಸಾಮಾನ್ಯವಾಗಿ ಅದು ಮೂರನೆಯದರಲ್ಲಿರುತ್ತದೆ. ನಾಲ್ಕನೆಯದಕ್ಕೆ ಏರಿಸಿ ನೋಡಬಹುದು. ಒಮ್ಮೆಗೇ ಐದಕ್ಕೆ ಏರಿಸಿದರೆ ಕುಳಿತಲ್ಲಿಯೂ ಡಬ್ಬಿಯಿಂದ ಡಬ್ಬಿಗೆ ಜಿಗಿಯುವ ಚಪಲ ಹತ್ತೀತು.

ಇಷ್ಟು ಹೊತ್ತು ಒಂದೇ ಆವರಣದೊಳಗಿನ ಓಡಾಟದ ಮಾತಾಯಿತು. ಒಂದು ವಿದ್ಯಾಸಂಸ್ಥೆಯಿಂದ ಇನ್ನೊಂದಕ್ಕೆ ಹೋದಾಗಲೂ ತಮ್ಮದೇ ಹೆಸರು, ಪಾಸ್‌ವರ್ಡುಗಳಿಂದ ವೈಫೈ ಪಡೆಯುವ ಎಡುರೋಮ್ ಎಂಬ ವ್ಯವಸ್ಥೆ ಯೂರೋಪಿನಲ್ಲಿ ಹುಟ್ಟಿ ನೂರಕ್ಕೂ ಮೀರಿದ ದೇಶಗಳಿಗೆ ಹಬ್ಬಿದೆ. ನಮ್ಮ ದೇಶದಲ್ಲಿ ಅದನ್ನು ಅರ್ನೆಟ್ ಇಂಡಿಯಾ ನೋಡಿಕೊಳ್ಳುತ್ತದೆ. ತಮ್ಮ ಕಾಲೇಜಿನಲ್ಲಿ ನಡೆಯುತ್ತಿದ್ದದ್ದು ಬೇರೆಡೆ ನಡೆಯದಿದ್ದರೆ ಮೊದಲು ನೋಡಬೇಕಾದದ್ದು ಬರೆದ ಹೆಸರನ್ನು. ತಮ್ಮಲ್ಲಿ ಬರಿಯ ಹೆಸರು ಸಾಕಾದೀತು. ಬೇರೆ ಊರಿನಲ್ಲಿ ‘ಅಟ್’ ಚಿಹ್ನೆಯೂ ಅದರ ಮುಂದೆ ಸಂಸ್ಥೆಯ ಹೆಸರೂ ಇರಲೇಬೇಕು. ಇಲ್ಲದಿದ್ದರೆ ಪರಿಶೀಲನೆಗಾಗಿ ಯಾವ ಸಂಸ್ಥೆಯನ್ನು ಕೇಳಬೇಕೆಂದೇ ಅಲ್ಲಿನ ಯಂತ್ರಕ್ಕೆ ಗೊತ್ತಾಗುವುದಿಲ್ಲ.

ಕಡೆಯದಾಗಿ ದೂರಿನ ಅರ್ಜಿ. ದಿನವೂ ಅರ್ಜಿಗಳ ನಡುವೆ ಕುಳಿತವನು ಅನುಭವದಿಂದ ಹೇಳಬಲ್ಲೆ: “ವೈಫೈ ಸರಿಯಿಲ್ಲ, ಕೂಡಲೆ ಕ್ರಮ ಕೈಗೊಳ್ಳಿರಿ” ಎಂಬ ಅರ್ಜಿಗೆ “ಪರಿಶೀಲಿಸಲಾಗಿದೆ, ಸರಿಯಿದೆ” ಎಂಬ ಉತ್ತರವೇ ಬರುವುದು. ಡಬ್ಬಿಯ ಕೆಳಗೆ ನಿಂತು ನೋಡಿದ ತಂತ್ರಜ್ಞನಿಗೆ ಅದು ನಿಜವಾಗಿಯೂ ಸರಿಯಾಗಿಯೇ ಇರುತ್ತದೆ! ಆದುದರಿಂದ ತಾರೀಖು, ಗಂಟೆ ನಿಮಿಷ, ಎಲ್ಲಿಂದ ಎಲ್ಲಿಗೆ ನಡೆಯುತ್ತಿದ್ದದ್ದು, ಯಾವ ಫೋನು, ಎರಡು ಕಡೆಯೂ ಕಂಡ ಬಿಎಸ್‌ಎಸ್‌ಐಡಿ, ಆಫ್ ಮಾಡಿ ಆನ್ ಮಾಡಿದಾಗ ಏನಾಯಿತು, ಗೆಳತಿಯರ ಫೋನಿನಲ್ಲಿ ಹೇಗಿತ್ತು, ಇಷ್ಟನ್ನೂ ಬರೆಯಬೇಕು. ನಿಮಿಷ ಸಿಕ್ಕರೆ ಅವರು ತಮ್ಮ ದಾಖಲೆಯಲ್ಲಿ ಆ ಫೋನಿನ ಹೆಜ್ಜೆಗಳನ್ನು ಹುಡುಕಬಲ್ಲರು.

ಅರ್ಜಿ ಫಲಿಸುವವರೆಗೆ ಕುಳಿತಾಗ ವೈಫೈ, ನಡೆಯುವಾಗ ಮೊಬೈಲ್ ಡೇಟಾ ಎಂದು ಇಟ್ಟುಕೊಳ್ಳುವುದು ಮೇಲು. ಅದಕ್ಕಿಂತ ಮುಖ್ಯವಾದ ಮಾತು: ಆನ್‌ಲೈನ್ ಪರೀಕ್ಷೆಯನ್ನೋ ಕೆಲಸದ ಸಂದರ್ಶನವನ್ನೋ ವೈಫೈಯಲ್ಲಿ ಎದುರಿಸುವ ಮಕ್ಕಳು ಹತ್ತು ನಿಮಿಷ ಮುಂಚೆ, ತಾವು ಕೂರುವ ಜಾಗಕ್ಕೆ ಬಂದ ಮೇಲೆ, ವೈಫೈಯನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಲಿ. ದೂರದ ಡಬ್ಬಿಯ ನಂಟು ಅಲ್ಲಿಗೆ ಹರಿಯುತ್ತದೆ. ಒಂದು ವರ್ಷದ ಓದು ಯಂತ್ರದ ಹಟಕ್ಕೆ ಸಿಕ್ಕಿ ಹಾಳಾಗಬಾರದು.